ಪ್ರೈಜ್ ಕೊಟ್ರೆ ಹವ್ಯಾಸ ಬರ್ತದಾ?

ಮಕ್ಕಳಿಗೆ ಹವ್ಯಾಸ ಹಿಡಿಸ್ಲಿಕ್ಕೆ ಪ್ರೈಜ್ ಕೊಡಿ ಅಂತ ಬರ್ದಿದ್ದೀರಿ, ನಂಗೆ ಒಪ್ಪಿಗೆ ಇಲ್ಲ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಲೆಪ್ಪರ್, ಗ್ರೀನ್, ನಿಸ್ಬೆಟ್ ನರ್ಸರಿ ಮಕ್ಕಳ ಮೇಲೆ ಮಾಡಿದ ಪ್ರಯೋಗ ಉಂಟಲ್ವಾ, ಚಿತ್ರ ಬಿಡಿಸಿದ್ರೆ ಸರ್ಟಿಫಿಕೇಟ್ ಕೊಡ್ತೇವೆ ಅಂತ ಮೊದ್ಲೇ ಆಸೆ ತೋರಿಸಿದ ಮಕ್ಕಳು ಆಮೇಲೆ ಬಿಡುವಿದ್ದಾಗ ಚಿತ್ರ ಬಿಡಿಸಿದ್ದು ಉಳಿದವ್ರ ಅರ್ಧದಷ್ಟು, ಮೊದ್ಲು ಹೇಳದೆ ಆಮೇಲೆ ಸರ್ಟಿಫಿಕೇಟ್ ಕೊಟ್ಟ ಮಕ್ಕಳಿಗೆ ಆಸಕ್ತಿ ಕಮ್ಮಿ ಆಗ್ಲಿಲ್ಲ. ನಮ್ಮ ಕಾಸರಗೋಡಲ್ಲೂ ಅದೇ ಮಾರಾಯ್ರೆ, ಶಾಲಾ ಕಲೋತ್ಸವಕ್ಕೆ (ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆ) ಅಂತ ಯಕ್ಷಗಾನ ಕಲೀತಾರೆ, ಪರೀಕ್ಷೆಗೆ ಸೇರಿಸುವ ಗ್ರೇಸ್ ಮಾರ್ಕ್ ಸಿಕ್ಕಿದ ಮೇಲೆ ಗೆಜ್ಜೆ ಅಟ್ಟಕ್ಕೆ (ಎಲ್ರೂ ಅಲ್ಲ, ಹುಚ್ಚು ಹಿಡಿದವ್ರು ಬಿಡುದಿಲ್ಲ). ಅದೇ ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಬರುವ ಅಡಿಕೆ ಕೃಷಿಕರು, ರಿಟೈರ್ಡ್ ಮಾಷ್ಟ್ರುಗಳನ್ನು ನೋಡಿ, ಯಾರು ಪ್ರೈಜ್ ಕೊಡ್ತಾರೆ ಅವ್ರಿಗೆ? ಒಂದು ಲೋಟ ಚಾ, ಅಷ್ಟೇ, ಆದ್ರೂ ಕರ್ಣನ ಅರ್ಥ (ಪಾತ್ರದ ಮಾತು) ಹೇಳ್ಲಿಕ್ಕೆ ವಾರವಿಡೀ ಮಹಾಭಾರತ ಓದಿ ಬರ್ತಾರೆ, ಕೃಷ್ಣನ ಅರ್ಥ ಹೇಳುವವ್ರು ಅಡ್ಡಪ್ರಶ್ನೆ ಹಾಕಿದ್ರೆ ಕೂಟ ಮುಗಿದ ಮೇಲೂ ಚಪ್ಪಲಿ ಹಾಕ್ಕೊಳ್ತಾ ವಾದ ಮಾಡ್ತಾರೆ.