ತೀರ್ಪುಗಾರನನ್ನೂ ಹರಾಜಿಗಿಟ್ಟರೆ ಆಟ ನಡೆಯುತ್ತಾ?

ಹೋದ ವಾರ ರಾತ್ರಿ ಅಣ್ಣನ ಮಗ ಫೋನ್ ಮಾಡಿದ್ದ. ಒಂದೂವರೆ ಗಂಟೆ ಮಾತಾಡಿದ, ವಿಷಯ ಮಾತ್ರ ಒಂದೇ. "ಅತ್ತೆ, ಈ ಸರ್ಕಾರ ಅನ್ನೋದು ಯಾಕೆ ಬೇಕು ಹೇಳಿ? ನನ್ನ ದುಡಿಮೆ ನನ್ನದು. ನಾನು ಯಾರ ತಂಟೆಗೂ ಹೋಗಲ್ಲ, ನನ್ನ ತಂಟೆಗೂ ಯಾರೂ ಬರಬಾರದು. ರಸ್ತೆ, ಶಾಲೆ, ಪೊಲೀಸು, ಕೋರ್ಟು, ಏನು ಬೇಕೋ ಅದನ್ನ ದುಡ್ಡು ಕೊಟ್ಟು ತಗೋತೀನಿ." ಅವನಿಗೆ ಇಪ್ಪತ್ತೆರಡು ವರ್ಷ. ಆ ವಯಸ್ಸಿನಲ್ಲಿ ನಾನೂ ಹೆಚ್ಚು ಕಡಿಮೆ ಇದನ್ನೇ ನಂಬಿದ್ದೆ. ಹಾಗಾಗಿ ಅವನ ಬಾಯಿ ಮುಚ್ಚಿಸಲು ಮನಸ್ಸು ಬರಲಿಲ್ಲ. ಫೋನಿನಲ್ಲಿ ಹೇಳಲು ಆಗದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಅವನ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲೇ ಒಪ್ಪಿಬಿಡುತ್ತೇನೆ. ಚೀನಾದಲ್ಲಿ ಶಿಯಾವೊಗಾಂಗ್ ಅಂತ ಒಂದು ಹಳ್ಳಿ ಇದೆ. ಸಾಮೂಹಿಕ ಜಮೀನಿನಲ್ಲಿ ದುಡಿದೂ ಹೊಟ್ಟೆಗೆ ಸಾಲದೆ ಜನ ಭಿಕ್ಷೆಗೆ ಹೋಗುತ್ತಿದ್ದ ಊರು. 1978ರ ಕೊನೆಯಲ್ಲಿ ಅಲ್ಲಿನ 18 ಮನೆಯವರು ಗುಟ್ಟಾಗಿ ಸೇರಿ ಒಂದು ಹಾಳೆಗೆ ಹೆಬ್ಬೆಟ್ಟು ಒತ್ತಿದರು. ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲು ಸರ್ಕಾರಕ್ಕೆ ಕೊಡುವುದು, ಮಿಕ್ಕಿದ್ದು ಬೆಳೆದವರಿಗೇ. ಆಗ ಅಲ್ಲಿ ಅದು ದೊಡ್ಡ ಅಪರಾಧ. ಮುಂದಿನ ವರ್ಷ ಅದೇ ಮಣ್ಣು, ಅದೇ ಜನ, ಆದರೆ ಫಸಲು ಹಲವು ಪಟ್ಟು ಜಾಸ್ತಿ. ಕೆಲವೇ ವರ್ಷಗಳಲ್ಲಿ ಇಡೀ ದೇಶ ಅದೇ ದಾರಿ ಹಿಡಿಯಿತು. "ಇದು ನನ್ನದು" ಅನ್ನುವ ಭರವಸೆ ಸಿಕ್ಕರೆ ಮನುಷ್ಯ ಹೇಗೆ ದುಡಿಯುತ್ತಾನೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ. ಆ ಹಾಳೆಯಲ್ಲಿ ಇನ್ನೊಂದು ಸಾಲೂ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾಗಿ ಮಾರುಕಟ್ಟೆ ಬೇಕೋ ಬೇಡವೋ ಅನ್ನುವುದು ನನ್ನ ಪ್ರಶ್ನೆಯೇ ಅಲ್ಲ. ಮಾರುಕಟ್ಟೆ *ಬಿಟ್ಟು* ಬೇರೇನೂ ಬೇಡ ಅನ್ನುವ ಮಾತು ಒಂದು ರಾಜ್ಯವ್ಯವಸ್ಥೆಯಾಗಿ ನಿಲ್ಲುತ್ತದಾ? ಹಾರ್ವರ್ಡ್‌ನ ತತ್ತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಇದನ್ನು ಎಚ್ಚರಿಕೆಯಿಂದಲೇ ಹೇಳಿದ್ದರು. ಪೊಲೀಸು, ಕೋರ್ಟು, ಸೈನ್ಯ, ಇಷ್ಟು ಮಾಡುವ ಕಾವಲುಗಾರ ಸರ್ಕಾರ ಸಾಕು ಅಂತ. ಅಮೆರಿಕದ ಅರ್ಥಶಾಸ್ತ್ರಜ್ಞ ಮರ್ರೆ ರಾತ್‌ಬಾರ್ಡ್ ಅದನ್ನೂ ಬಿಡಲಿಲ್ಲ. ಕಾವಲುಗಾರನನ್ನೂ ನ್ಯಾಯಾಧೀಶನನ್ನೂ ಮಾರುಕಟ್ಟೆಯಲ್ಲೇ ಕೊಳ್ಳಬಹುದು ಅಂದರು. ನಮ್ಮ ಹುಡುಗ ಈಗ ಈ ಎರಡನೆಯವರ ಕಡೆ.

ಅವನು ಉದಾಹರಣೆಯನ್ನೂ ಕೊಟ್ಟ, ಹಳೆಯ ಐಸ್‌ಲ್ಯಾಂಡ್. ತಮಾಷೆಯ ಉದಾಹರಣೆ ಅಲ್ಲ ಅದು. ಸುಮಾರು 930ರಿಂದ 1262ರವರೆಗೆ ಅಲ್ಲಿ ರಾಜ ಇರಲಿಲ್ಲ, ಪೊಲೀಸ್ ಇರಲಿಲ್ಲ. ಕಾನೂನು ಇತ್ತು, ವರ್ಷಕ್ಕೊಮ್ಮೆ ಎಲ್ಲರೂ ಸೇರುವ ಸಭೆ ಇತ್ತು, ಅಲ್ಲೇ ವ್ಯಾಜ್ಯ ತೀರ್ಮಾನ ಆಗುತ್ತಿತ್ತು. ತೀರ್ಪು ಸಿಕ್ಕ ಮೇಲೆ ಅದನ್ನು ವಸೂಲಿ ಮಾಡಿಕೊಳ್ಳುವುದು ಗೆದ್ದವನದೇ ಜವಾಬ್ದಾರಿ. ಕೈಲಾಗದವನು ತನ್ನ ದಾವೆಯನ್ನು ಬಲಶಾಲಿಯೊಬ್ಬನಿಗೆ ಒಪ್ಪಿಸಬಹುದಿತ್ತು. ಮುಖಂಡನ ಸ್ಥಾನವನ್ನೂ ಕೊಳ್ಳಬಹುದಿತ್ತು, ಮಾರಬಹುದಿತ್ತು. ಈ ಏರ್ಪಾಡು ಮುನ್ನೂರು ವರ್ಷ ನಡೆಯಿತು ಅಂದರೆ ಸಣ್ಣ ಮಾತಲ್ಲ.

ಆದರೆ ಅದು ಮುಗಿದ ರೀತಿ ನೋಡಿ. ಮುಖಂಡನ ಸ್ಥಾನ ಮಾರಾಟಕ್ಕಿದ್ದರೆ ದುಡ್ಡೂ ಬಲವೂ ಇದ್ದವರು ಒಂದೊಂದಾಗಿ ಕೂಡಿಹಾಕಿಕೊಳ್ಳುತ್ತಾರೆ. ಹದಿಮೂರನೇ ಶತಮಾನದ ಹೊತ್ತಿಗೆ ಹೆಚ್ಚಿನ ಸ್ಥಾನಗಳೆಲ್ಲ ಬೆರಳೆಣಿಕೆಯ ಮನೆತನಗಳ ಕೈಸೇರಿದ್ದವು. ಆ ಮನೆತನಗಳು ದಶಕಗಳ ಕಾಲ ಹೊಡೆದಾಡಿದವು. ಮೊದಲು ಒಬ್ಬ ಮುಖಂಡ ಸರಿ ಇಲ್ಲ ಅಂದರೆ ರೈತ ಇನ್ನೊಬ್ಬನ ಕಡೆ ಹೋಗಬಹುದಿತ್ತು. ಈಗ ಆ "ಇನ್ನೊಬ್ಬ" ಎಲ್ಲಿದ್ದಾನೆ? ಕೊನೆಗೆ 1262ರಲ್ಲಿ ನಾರ್ವೆಯ ರಾಜನಿಗೆ ತಲೆಬಾಗಿ ತೆರಿಗೆ ಕೊಡಲು ಒಪ್ಪಿಕೊಳ್ಳುವ ಸ್ಥಿತಿ ಬಂತು. ರಾಜನೇ ಬೇಡ ಅಂತಿದ್ದ ಸಮಾಜ ಅದು.

ನನ್ನ ಮುಖ್ಯ ತಕರಾರು ಇಲ್ಲೇ ಇದೆ. ನೀನು ಮೋಸ ಮಾಡಿದರೆ ಕೇಳುವವರು ಇದ್ದಾರೆ ಅನ್ನುವ ನಂಬಿಕೆಯ ಮೇಲೆ ವ್ಯಾಪಾರ ನಡೆಯುತ್ತದೆ. ಆ ಕೇಳುವವನೂ ವ್ಯಾಪಾರದ ಸರಕಾದರೆ ನಂಬಿಕೆಯ ಬುಡವೇ ಹೋಯಿತು. "ಸರ್ಕಾರವನ್ನೂ ಕೊಳ್ಳಬಹುದಲ್ವಾ ಅತ್ತೆ, ದಿನಾ ನೋಡ್ತಿಲ್ವಾ?" ಅಂದ. ಹೌದು, ನೋಡುತ್ತಿದ್ದೇನೆ, ಹೊಟ್ಟೆ ಉರಿಯುತ್ತದೆ. ಆದರೆ ಆಗ ನಾವು ಅದನ್ನು ಲಂಚ ಅನ್ನುತ್ತೇವೆ. ದೂರು ಕೊಡಬಹುದು, ಬೀದಿಗೆ ಇಳಿಯಬಹುದು, ಮುಂದಿನ ಚುನಾವಣೆಯಲ್ಲಿ ಸೋಲಿಸಬಹುದು. ಅವನು ಹೇಳುವ ಲೋಕದಲ್ಲಿ ಅದೇ ಹಣಕ್ಕೆ ರೇಟು ಅಂತ ಹೆಸರು. ರೇಟು ಜಾಸ್ತಿ ಆಯ್ತು ಅಂತ ಗೊಣಗಬಹುದು. ಅನ್ಯಾಯ ಆಯ್ತು ಅನ್ನಲು ಜಾಗವೇ ಇರುವುದಿಲ್ಲ.

ಇನ್ನು ಬೆಂಕಿಯ ವಿಷಯ. ನನ್ನ ಮನಸ್ಸು ಬದಲಾಗಿದ್ದೇ ಇಂಥ ಒಂದು ಸುದ್ದಿಯಿಂದ.

2010ರ ಸೆಪ್ಟೆಂಬರ್, ಅಮೆರಿಕದ ಟೆನೆಸಿ ರಾಜ್ಯ. ಸೌತ್ ಫುಲ್ಟನ್ ಎಂಬ ಪುಟ್ಟ ಪಟ್ಟಣದ ಅಗ್ನಿಶಾಮಕ ದಳ ಪಟ್ಟಣದ ಹೊರಗಿನ ಮನೆಗಳಿಗೂ ಬರುತ್ತಿತ್ತು, ಆದರೆ ವರ್ಷಕ್ಕೆ 75 ಡಾಲರ್ ಕಟ್ಟಿದವರಿಗೆ ಮಾತ್ರ. ಒಬ್ಬರು ಆ ವರ್ಷ ಕಟ್ಟಿರಲಿಲ್ಲ. ಮರೆತೆ ಅಂದರು. ಅವರ ಮನೆಗೆ ಬೆಂಕಿ ಬಿತ್ತು. ಎಷ್ಟು ಖರ್ಚಾದರೂ ಕೊಡುತ್ತೇನೆ ಬನ್ನಿ ಅಂತ ಫೋನಿನಲ್ಲಿ ಬೇಡಿಕೊಂಡರು. ಬರಲಿಲ್ಲ. ಬೆಂಕಿ ಪಕ್ಕದವರ ಹೊಲಕ್ಕೆ ಹಬ್ಬಿತು. ಪಕ್ಕದವರು ದುಡ್ಡು ಕಟ್ಟಿದ್ದರು. ಆಗ ವಾಹನ ಬಂತು. ಹೊಲಕ್ಕೆ ನೀರು ಹೊಡೆದರು. ಮನೆ ಕಣ್ಣ ಮುಂದೆ ಉರಿಯುತ್ತಿತ್ತು, ಪೈಪು ಕೈಯಲ್ಲಿತ್ತು, ನೀರೂ ಇತ್ತು. ಆ ಕಡೆ ತಿರುಗಿಸಲಿಲ್ಲ. ಮೂರು ನಾಯಿ, ಒಂದು ಬೆಕ್ಕು ಒಳಗೇ ಸತ್ತವು.

ಅದು ಖಾಸಗಿ ಕಂಪನಿ ಅಲ್ಲ, ಪಟ್ಟಣದ್ದೇ ದಳ, ನಿಜ. ಆದರೆ ನಡೆಸಿದ್ದು ಅವನು ಹೇಳುವ ನಿಯಮವನ್ನೇ: ಕೊಟ್ಟವರಿಗೆ ಸೇವೆ, ಕೊಡದವರಿಗಿಲ್ಲ. ನನ್ನನ್ನು ಕಾಡಿದ್ದು ಏನಂದರೆ, ಲೆಕ್ಕದಲ್ಲಿ ಆ ನಿಯಮದ ತಪ್ಪು ಹಿಡಿಯಲು ಆಗುವುದಿಲ್ಲ. ಬೆಂಕಿ ಬಿದ್ದ ಮೇಲೆ ದುಡ್ಡು ತೆಗೆದುಕೊಳ್ಳುತ್ತೇವೆ ಅಂದರೆ ಮೊದಲೇ ಯಾರು ಕಟ್ಟುತ್ತಾರೆ? ಲೆಕ್ಕ ಸರಿ ಇದ್ದೂ ಕೈಯಲ್ಲಿ ಪೈಪು ಹಿಡಿದ ಮನುಷ್ಯ ಸುಮ್ಮನೆ ನಿಂತು ನೋಡಬೇಕಾಗುತ್ತದೆ ಅಂದರೆ, ಆ ಲೆಕ್ಕ ಮನುಷ್ಯರು ಕೂಡಿ ಬಾಳಲು ಮಾಡಿದ್ದಲ್ಲ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಲಂಡನ್ನಿನಲ್ಲಿ ಇದನ್ನು ಹೆಚ್ಚು ಕಡಿಮೆ ಖಾಸಗಿಯಾಗಿಯೇ ನಡೆಸಿ ನೋಡಿದ್ದರು. ಅಲ್ಲಿ ಬೆಂಕಿ ಆರಿಸುತ್ತಿದ್ದದ್ದು ವಿಮಾ ಕಂಪನಿಗಳ ದಳಗಳು. 1833ರಲ್ಲಿ ಮುಖ್ಯ ಕಂಪನಿಗಳು ಸೇರಿ ಒಂದೇ ದಳ ಮಾಡಿದವು. 1861ರಲ್ಲಿ ಟೂಲಿ ಸ್ಟ್ರೀಟಿನ ಗೋದಾಮುಗಳಿಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತು. ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಗೋಡೆ ಕುಸಿದು ಅಲ್ಲೇ ತೀರಿಕೊಂಡರು. ಆಮೇಲೆ ಕಂಪನಿಗಳೇ ಸರ್ಕಾರದ ಹತ್ತಿರ ಹೋಗಿ, ಇದು ನಮ್ಮ ಕೈಮೀರಿದ ಕೆಲಸ, ನೀವೇ ವಹಿಸಿಕೊಳ್ಳಿ ಅಂದವು. 1866ರಿಂದ ಅದು ಸಾರ್ವಜನಿಕ ಸೇವೆ ಆಯಿತು. ವಿಮೆ ಇರುವ ಮನೆ ಯಾವುದು, ಇಲ್ಲದ್ದು ಯಾವುದು ಅಂತ ಬೆಂಕಿ ಕೇಳುವುದಿಲ್ಲ. ಪಕ್ಕದ ಮನೆ ಆರಿಸದೆ ನಿಮ್ಮ ಮನೆ ಉಳಿಸಲು ಆಗುವುದಿಲ್ಲ. ರೋಗವೂ ಹಾಗೇ, ಕೆಟ್ಟ ನೀರೂ ಹಾಗೇ.

"ಹಾಂಗ್‌ಕಾಂಗ್ ನೋಡಿ" ಅಂತಾನೆ. ಸರಿ, ನೋಡೋಣ. ತೆರಿಗೆ ಕಡಿಮೆ, ವ್ಯಾಪಾರಕ್ಕೆ ಅಡ್ಡಿ ಕಡಿಮೆ, ಒಪ್ಪಿದೆ. ಆದರೆ ಅಲ್ಲಿ ಭೂಮಿ ಹೆಚ್ಚು ಕಡಿಮೆ ಪೂರ್ತಿ ಸರ್ಕಾರದ್ದು, ಉಳಿದವರಿಗೆ ಇರುವುದು ಗುತ್ತಿಗೆ. ಜನಸಂಖ್ಯೆಯ ಅರ್ಧಕ್ಕೆ ಹತ್ತಿರ ಮಂದಿ ಸರ್ಕಾರ ಕಟ್ಟಿದ ಅಥವಾ ಸರ್ಕಾರದ ನೆರವಿನ ಮನೆಗಳಲ್ಲಿದ್ದಾರೆ. ಅದು ಶುರುವಾಗಿದ್ದೂ ಬೆಂಕಿಯಿಂದಲೇ. 1953ರ ಕ್ರಿಸ್‌ಮಸ್ ರಾತ್ರಿ ಅಲ್ಲಿನ ಷೆಕ್ ಕಿಪ್ ಮೇ ಎಂಬ ಜಾಗದ ಗುಡಿಸಲುಗಳು ಸುಟ್ಟು 50,000ಕ್ಕೂ ಹೆಚ್ಚು ಜನ ಬೀದಿಪಾಲಾದರು.

"ಎಲ್ಲವೂ ಇಬ್ಬರ ಒಪ್ಪಿಗೆಯಿಂದಲೇ ನಡೆಯಬೇಕು, ಬಲವಂತ ಇರಬಾರದು." ಅವನ ಈ ಮಾತು ನನಗೂ ಇಷ್ಟ. ಆದರೆ ಒಪ್ಪಿಗೆ ಅಂದರೆ ಏನು ಅಂತ ನನಗೆ ಒಂದು ರಾತ್ರಿ ಗೊತ್ತಾಯಿತು. ಅಮ್ಮ ಸ್ಟ್ರೆಚರ್ ಮೇಲೆ, ಉಸಿರಾಟ ಸರಿ ಇಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ನಾಲ್ಕು ಹಾಳೆ ಕೊಟ್ಟು ಇಲ್ಲಿ, ಇಲ್ಲಿ, ಇಲ್ಲಿ ಸಹಿ ಮಾಡಿ ಅಂದರು. ಪೆನ್ನು ಬರೆಯುತ್ತಿರಲಿಲ್ಲ. ಹಾಳೆಯ ಅಂಚಿನಲ್ಲಿ ಗೀಚಿ ಗೀಚಿ ಶಾಯಿ ಬರಿಸಿ ಸಹಿ ಮಾಡಿದೆ. ಒಂದಕ್ಷರ ಓದಲಿಲ್ಲ. ಅದರಲ್ಲಿ ಮನೆ ಬರೆದುಕೊಡಿ ಅಂತ ಇದ್ದಿದ್ದರೂ ಮಾಡುತ್ತಿದ್ದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ, ಕಾಗದದ ಪ್ರಕಾರ ನನ್ನದು ಪೂರ್ತಿ ಸ್ವಂತ ಇಚ್ಛೆ. ಆ ಹೊತ್ತಿನಲ್ಲಿ ನನ್ನನ್ನು ಕಾಯುತ್ತಿದ್ದದ್ದು ನನ್ನ ಜಾಣತನ ಅಲ್ಲವೇ ಅಲ್ಲ. ಅಂಥ ಹಾಳೆಯಲ್ಲಿ ಏನು ಬರೆಯಬಾರದು ಅಂತ ಹೇಳುವ ಒಂದು ಕಾನೂನು ಎಲ್ಲೋ ಇತ್ತು, ಅಷ್ಟೇ.

ಅಮ್ಮ ಹುಷಾರಾದರು. ಆದರೆ ಆ ರಾತ್ರಿಯಿಂದ "ಸ್ವತಂತ್ರ ವ್ಯಕ್ತಿ" ಅನ್ನುವ ಮಾತು ಕೇಳಿದಾಗಲೆಲ್ಲ ಯಾವ ಹೊತ್ತಿನ ವ್ಯಕ್ತಿ ಅಂತ ಕೇಳಬೇಕು ಅನ್ನಿಸುತ್ತದೆ. ಈ ಸಿದ್ಧಾಂತದ ಮನುಷ್ಯ ಯಾವಾಗಲೂ ಇಪ್ಪತ್ತೈದರಿಂದ ಐವತ್ತರ ಒಳಗಿನವನು. ಗಟ್ಟಿಮುಟ್ಟು, ಓದು ಬರಹ ಬಲ್ಲವನು, ಕೈಯಲ್ಲಿ ನಾಲ್ಕು ಕಾಸು ಇರುವವನು. ಅವನು ಹಾಲು ಕುಡಿಯುವ ಮಗುವಾಗಿದ್ದ ದಿನ, ಹಾಸಿಗೆ ಹಿಡಿಯುವ ದಿನ ಲೆಕ್ಕಕ್ಕೇ ಬರುವುದಿಲ್ಲ. ಅವನಿಗೆ ಅಕ್ಷರ ಕಲಿಸಿದವರು, ಜ್ವರ ಬಂದಾಗ ರಾತ್ರಿ ಎದ್ದು ಕೂತವರು ಯಾವ ಬಿಲ್ಲೂ ಕೊಟ್ಟಿರಲಿಲ್ಲ.

ಈಗ ಶಿಯಾವೊಗಾಂಗ್ ಹಾಳೆಯ ಇನ್ನೊಂದು ಸಾಲು. ನಮ್ಮಲ್ಲಿ ಯಾರಾದರೂ ಜೈಲು ಸೇರಿದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು. "ನನ್ನ ಹೊಲ ನನ್ನದು" ಅಂತ ಹೇಳಲು ಪ್ರಾಣವನ್ನೇ ಪಣಕ್ಕಿಟ್ಟ ಆ ಜನ, ಅದೇ ಹಾಳೆಯಲ್ಲಿ ಇದನ್ನೂ ಬರೆದು ಹೆಬ್ಬೆಟ್ಟು ಒತ್ತಿದ್ದರು. ಈ ಸಾಲು ಇಲ್ಲದಿದ್ದರೆ ಎಷ್ಟು ಜನ ಮೊದಲನೆಯದಕ್ಕೆ ಒಪ್ಪುತ್ತಿದ್ದರೋ.

ಭಾನುವಾರ ಅವನು ಮತ್ತೆ ಫೋನ್ ಮಾಡುತ್ತಾನೆ. ತೆರಿಗೆ ಎಷ್ಟಿರಬೇಕು, ಸರ್ಕಾರ ಯಾವ ಯಾವ ಕೆಲಸದಿಂದ ಕೈ ತೆಗೆಯಬೇಕು ಅಂತ ಜಗಳ ಆಡೋಣ. ಅದರಲ್ಲಿ ಎಷ್ಟೋ ಕಡೆ ಅವನ ಮಾತೇ ಸರಿ ಇರಬಹುದು, ನಾನು ಒಪ್ಪುತ್ತೇನೆ. ಅದಕ್ಕೂ ಮೊದಲು ಆ ಸಾಲನ್ನು ಅವನಿಗೆ ಓದಿ ಹೇಳಬೇಕು.