ವರ್ಕ್‌ಶಾಪ್ ತಾತನ ಕಾಂಪೌಂಡು

ದಸರಾ ಗೊಂಬೆಗಳನ್ನು ಬೀದಿಗೆ ಕಾಣೋ ಹಾಗೆ ಮನೆ ಹೊರಗೆ ಕೂರಿಸಬೇಕು ಅಂತ ನಾನು ಹೇಳಿದಾಗೆಲ್ಲ ನಮ್ಮ ಮನೆಯವರೇ ಒಪ್ಪೋದಿಲ್ಲ. ಪಟ್ಟದ ಗೊಂಬೇನ ಬೀದಿಯಲ್ಲಿಡೋದಾ ಅಂತ ಅತ್ತೆ ಕೇಳ್ತಾರೆ. ಮೈಸೂರಿನ ಚಾಮುಂಡಿಪುರಂನಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಮನೆಯಲ್ಲಿ ಅದನ್ನೇ ಮಾಡುವವರೊಬ್ಬರಿದ್ದರು. ರೈಲ್ವೆ ವರ್ಕ್‌ಶಾಪಿನಿಂದ ರಿಟೈರಾದವರು, ಮಕ್ಕಳಿಗೆಲ್ಲ ವರ್ಕ್‌ಶಾಪ್ ತಾತ. ದೊಡ್ಡವರು ಅವರಿಗೆ ಇಟ್ಟಿದ್ದ ಹೆಸರು ಅರೆಹುಚ್ಚ.

ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅರಿಶಿನ-ಕುಂಕುಮ ಕೊಡೋ ಹೆಣ್ಣುಮಕ್ಕಳೇ ಇರಲಿಲ್ಲ. ಹಾಗಾಗಿ ಯಾರೂ ಒಳಗೆ ಹೋಗುತ್ತಿರಲಿಲ್ಲ. ಗಂಡಸು ಗೊಂಬೆ ಕೂರಿಸೋದುಂಟಾ ಅಂತ ಮಾತು ಬೇರೆ. ತಾತ ಅಟ್ಟದ ಮೇಲಿನ ಟ್ರಂಕುಗಳನ್ನೇ ಕಾಂಪೌಂಡಿಗೆ ತಂದರು. ಅವನ್ನೇ ಒಂದರ ಮೇಲೊಂದು ಜೋಡಿಸಿ, ಬಿಳೀ ಪಂಚೆ ಹಾಸಿದರೆ ಏಳು ಮೆಟ್ಟಿಲು. ಮೇಲೆ ತಗಡಿನ ಶೀಟು, ನವರಾತ್ರಿಯಲ್ಲಿ ಸಂಜೆ ಮಳೆ ಹೇಳದೆ ಕೇಳದೆ ಬರುತ್ತಲ್ಲ.

ಆ ಮಳೆಗೆ ತಕ್ಕ ಹಾಗೆ ಅವರದೊಂದು ಲೆಕ್ಕವಿತ್ತು. ಮಣ್ಣಿನ ದಶಾವತಾರ ಸೆಟ್ಟು ಗೋಡೆಗೆ ಒತ್ತಿ. ಚನ್ನಪಟ್ಟಣದ ಗೊಂಬೆಗಳು ಅಂಚಿಗೆ. ಅವು ಹಾಲೆಮರದ್ದು, ಮೇಲೆ ಅರಗಿನ ಬಣ್ಣ, ನಾಲ್ಕು ಹನಿ ಬಿದ್ದರೆ ಟವೆಲಿನಲ್ಲಿ ಒರೆಸಿಬಿಡೋರು. ಪಟ್ಟದ ರಾಜ-ರಾಣಿ ಮಾತ್ರ ಎಲ್ಲಕ್ಕಿಂತ ಮೇಲೆ. ಮದುವೆಯಲ್ಲಿ ಹೆಂಡತಿ ತವರಿಂದ ತಂದಿದ್ದ ಮರದ ಜೋಡಿ ಅದು. ಪಾಡ್ಯದ ಬೆಳಗ್ಗೆ ಅವಕ್ಕೆ ರೇಷ್ಮೆ ತುಂಡು ಉಡಿಸುವಾಗ ಅವರ ದಪ್ಪ ಬೆರಳುಗಳು, ಉಗುರಿನ ಸುತ್ತ ಮಾಸದೇ ಉಳಿದಿದ್ದ ಗ್ರೀಸಿನ ಕಪ್ಪು, ಸೊಂಟದಲ್ಲಿ ನೆರಿಗೆ ನಿಲ್ಲದೆ ಮತ್ತೆ ಮತ್ತೆ ಬಿಚ್ಚಿ ಉಡಿಸುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಶೆಟ್ಟರ ಗೊಂಬೆಯ ಮುಂದಿನ ಅಂಗಡಿಯ ಪುಟಾಣಿ ತಟ್ಟೆಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲ. ಬೆಲ್ಲಕ್ಕೆ ಇರುವೆ ಬರದ ಹಾಗೆ ಸುತ್ತ ಪೌಡರಿನ ಗೆರೆ.

ಬೀದಿಯವರು ಕೈ-ಕಾಲು ಮುರಿದ ಗೊಂಬೆಗಳನ್ನು ಎಸೆದರೆ ತಾತ ಎತ್ತಿಕೊಂಡು ಬಂದು ಅಂಟು ಹಾಕೋರು. ಕೊನೇ ಮೆಟ್ಟಿಲೆಲ್ಲ ಅಂಥವೇ. ಭಿನ್ನವಾದದ್ದನ್ನು ಕೂರಿಸಬಾರದು ಅಂತ ನಮ್ಮಜ್ಜಿ ಗೊಣಗುತ್ತಿದ್ದರು. ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ.

ನಾವು ಮಕ್ಕಳು ಸಂಜೆ ಮನೆ ಮನೆ ಬಾಗಿಲಲ್ಲಿ ನಿಂತು "ಗೊಂಬೆ ಕೂರಿಸಿದೀರಾ?" ಅಂತ ಕೂಗಿ, ಗೊಂಬೆ ನೋಡೋಕೆ ಬಂದ ಮಕ್ಕಳಿಗೆ ಕೊಡೋ ತಿಂಡಿ, ಚರ್ಪು, ಇಸ್ಕೊಳ್ಳುತ್ತಿದ್ದೆವು. ಆದರೆ ಎಲ್ಲ ಮಕ್ಕಳನ್ನೂ ಎಲ್ಲರೂ ಒಳಗೆ ಕರೆಯುತ್ತಿರಲಿಲ್ಲ. ದಲಿತರೇ ಹೆಚ್ಚಾಗಿರುವ ಅಶೋಕಪುರಂನಿಂದ ಬರುತ್ತಿದ್ದ ನನ್ನ ಕ್ಲಾಸಿನ ಹುಡುಗಿಯನ್ನು ಹೊಸಿಲಾಚೆ ನಿಲ್ಲಿಸಿ ಕೈಗೆ ಚರ್ಪು ಹಾಕಿದ್ದನ್ನು ನೋಡಿದ್ದೇನೆ. ಗೊಂಬೆ ಇದ್ದದ್ದು ಒಳಗಿನ ಹಾಲಿನಲ್ಲಿ. ತಾತನ ಮನೆಯಲ್ಲಿ ದಾಟೋದಕ್ಕೆ ಹೊಸಿಲೇ ಇರಲಿಲ್ಲ. ಹೂ ಮಾರುವವರು ಬುಟ್ಟಿ ಇಳಿಸಿ ನೋಡೋರು, ಗಂಡನನ್ನು ಕಳೆದುಕೊಂಡಿದ್ದ ನಮ್ಮ ಅತ್ತಿಗೆ ಕೂಡ ಅಲ್ಲಿ ನಿಂತು ನಿಧಾನವಾಗಿ ನೋಡುತ್ತಿದ್ದರು. ಬೇರೆ ಮನೆಗಳಲ್ಲಿ ಅವರಿಗೆ ಕರೆಯಿರಲಿಲ್ಲ. ತಾತ ಎಲ್ಲರಿಗೂ ಒಂದೇ ಡಬ್ಬಿಯಿಂದ ಕೊಬ್ಬರಿ-ಸಕ್ಕರೆ.

ಈಗ ಥೀಮು, ಸ್ಪರ್ಧೆ, ಲೈಟಿಂಗು ಎಲ್ಲ ಬಂದಿದೆ. ತುಂಬ ಚೆನ್ನಾಗಿಯೂ ಕೂರಿಸುತ್ತಾರೆ. ಆದರೆ ನೋಡೋಕೆ ವಾಟ್ಸಾಪಿನಲ್ಲಿ ಕರೆ ಬಂದಿರಬೇಕು, ಗೇಟಿನ ರಿಜಿಸ್ಟರಿನಲ್ಲಿ ಹೆಸರು ಬರೆದಿರಬೇಕು. ಅದೇ ಗೇಟಿನ ವಾಚ್‌ಮನ್ ಮಕ್ಕಳು ನಮ್ಮ ಗೊಂಬೆ ನೋಡಿಲ್ಲ.

ಈ ಸಲ ಗೇಟಿನ ಪಕ್ಕದ ಶೆಡ್ಡಿನಲ್ಲಿ, ರಸ್ತೆಗೆ ಮುಖ ಮಾಡಿ ಐದು ಮೆಟ್ಟಿಲು ಕೂರಿಸೋಣ ಅಂತ ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಕೇಳಿದ್ದೇನೆ. ಕಳುವಾದರೆ ಯಾರು ಜವಾಬ್ದಾರಿ ಅಂದರು. ನಾನೇ ಅಂದಿದ್ದೇನೆ. ಮುಂದಿನ ಭಾನುವಾರ ಮತ್ತೆ ಮೀಟಿಂಗಿದೆ, ನಮ್ಮ ಬ್ಲಾಕಿನವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬಂದು ಕೈ ಎತ್ತಿ.