ಕಟ್ಟಿ ಶುಲ್ಕ

ನಮ್ಮ ಓಣಿಯ ಮೂಲೆಯಲ್ಲಿ ಒಂದು ಕಿರಾಣಿ ಅಂಗಡಿ. ಮುಂದೆ ಶಹಾಬಾದ್ ಫರಸಿ ಹಾಸಿದ ಕಟ್ಟಿ. ಮೂವತ್ತು ವರ್ಷದಿಂದ ಸಂಜೆಯಾದರೆ ನಾನು ಅದರ ಮೇಲೆ ಕೂತಿರುತ್ತೇನೆ. ಮಧ್ಯಾಹ್ನ ಕೂರಲು ಬರುವುದಿಲ್ಲ. ಕಲಬುರಗಿಯಲ್ಲಿ ಹೋಳಿ ಮುಗಿಯಿತೆಂದರೆ ಆ ಫರಸಿ ರೊಟ್ಟಿ ಹಂಚು. ಸಾವ್ಕಾರರು ಎರಡು ಕೊಡ ನೀರು ಹೊಡೆದ ಮೇಲೆಯೇ ಅದು ಮನುಷ್ಯರು ಕೂರುವ ಜಾಗ.

ಇಷ್ಟು ವರ್ಷ ಆ ಕಟ್ಟಿಗೂ ಒಂದು ರೇಟು ಇದೆ ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮೊನ್ನೆ ಹೊಳೆಯಿತು.

ಶರಣಬಸವೇಶ್ವರ ಜಾತ್ರೆಗೆ ಅಂತ ತಮ್ಮನ ಮಗ ಬೆಂಗಳೂರಿನಿಂದ ಬಂದಿದ್ದ. ಇಲ್ಲೇ ಇಂಜಿನಿಯರಿಂಗ್ ಓದಿದವನು. ಈಗ ಅಲ್ಲಿ ಒಂದು ಆ್ಯಪ್ ಕಂಪನಿಯಲ್ಲಿದ್ದಾನೆ. ಏನು ಕೆಲಸ ಅಂದರೆ ‘ಗ್ರೋತ್’ ಅನ್ನುತ್ತಾನೆ. ನಮಗೆ ಗೊತ್ತಿರುವ ಗ್ರೋತ್ ಅಂದರೆ ಹೊಲದಲ್ಲಿ ತೊಗರಿ ಸೊಂಟದ ತನಕ ಬಂತಾ, ಎದೆಯ ತನಕ ಬಂತಾ ಅನ್ನುವುದು.

ಸಂಜೆ ನನ್ನ ಜೊತೆ ಕಟ್ಟಿಗೆ ಬಂದು ಕೂತ. ಹಸಿವಾಯಿತು. ಫೋನಿನಲ್ಲಿ ಸುಸಲಾ, ಮಿರ್ಚಿ ತರಿಸಿದ. ತರಿಸಿದ ಅಂಗಡಿ ಎಷ್ಟು ದೂರ ಅಂದರೆ, ಕಟ್ಟಿಯ ಮೇಲೆ ಕೂತರೆ ಮಿರ್ಚಿ ಎಣ್ಣೆಗೆ ಬೀಳುವ ಸದ್ದು ಕೇಳುತ್ತದೆ. ಡೆಲಿವರಿ ಹುಡುಗ ಮ್ಯಾಪ್ ಹೇಳಿದ ಹಾಗೆ ಕೇಳುವವನು. ಜಗತ್ ಸರ್ಕಲ್ ತನಕ ಹೋಗಿ, ತಿರುಗಿಸಿಕೊಂಡು ಬಂದ. ಮಿರ್ಚಿ ಆರಿತ್ತು.

ಸಾವ್ಕಾರರಿಗೆ ಯಾರದೇ ಬಿಲ್ಲು ಕಂಡರೂ ಓದುವ ಚಟ. ಕನ್ನಡಕ ಏರಿಸಿ ಹುಡುಗನ ಫೋನು ಇಸಿದುಕೊಂಡರು.

“ಮಿರ್ಚಿ ರೇಟು ತಿಳೀತು. ಡೆಲಿವರಿ ಬಿ ತಿಳೀತು, ಆ ಹುಡುಗ ಗಾಡಿ ಹೊಡ್ಕೊಂಡು ಬಂದಾನ. ಪ್ಯಾಕಿಂಗ್ ಬಿ ತಿಳೀತು. ಈ ಪ್ಲಾಟ್‌ಫಾರ್ಮ್ ಫೀ ಅಂದ್ರ ಏನ್ರಿ ಸರ?”

“ಪ್ಲಾಟ್‌ಫಾರ್ಮ್ ಅಂದ್ರ ಕಟ್ಟಿ, ಸಾವ್ಕಾರ್ರ.”

ಅವರು ಕನ್ನಡಕ ತೆಗೆದು ಒರೆಸಿದರು. ನನ್ನನ್ನು ನೋಡಿದರು. ಕಟ್ಟಿಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು.

“ಮೂವತ್ತು ವರ್ಷದಿಂದ ಕುಂತೀರಿ ನೋಡ್ರಿ.”

ಈ ಕಟ್ಟಿ ಶುಲ್ಕ ತೀರಾ ಹಳೆಯದೇನಲ್ಲ. ಊಟ ತಲುಪಿಸುವ ದೊಡ್ಡ ಆ್ಯಪ್‌ಗಳು 2023ರಲ್ಲಿ ಆರ್ಡರಿಗೆ 2 ರೂಪಾಯಿ ಅಂತ ಶುರು ಮಾಡಿದವು. ಎರಡು ರೂಪಾಯಿಗೆ ಯಾರು ಜಗಳ ತೆಗೆಯುತ್ತಾರೆ? ಮರುವರ್ಷದ ಹಬ್ಬದ ಹೊತ್ತಿಗೆ ಅದು 10 ಆಗಿತ್ತು. ಬೆರಳು ತೋರಿಸಿದರೆ ಹಸ್ತ ನುಂಗುವುದು ಅಂತಾರಲ್ಲ, ಇಲ್ಲಿ ನಾವು ಬೆರಳನ್ನೂ ತೋರಿಸಿರಲಿಲ್ಲ. ಮಿರ್ಚಿ ತೋರಿಸಿದ್ದೆವು ಅಷ್ಟೇ.

“ಕಾಕಾ, ಅದು ಮೋಸ ಅಲ್ಲ, ಮಾನಿಟೈಸೇಶನ್” ಅಂದ ಹುಡುಗ. ಅಂದರೆ ದುಡ್ಡು ಹುಟ್ಟಿಸುವುದು. ಅವನು ತನ್ನ ಕೆಲಸವನ್ನು ವಿವರಿಸಿದ್ದು ಆಗಲೇ. ಪರದೆಯ ಮೇಲೆ ಎರಡು ಗುಂಡಿ ಇರುತ್ತವಂತೆ. ‘ಹೂಂ, ಬೇಕು’ ಅನ್ನುವುದು ದಪ್ಪಗೆ, ಹಸಿರಾಗಿ, ಹೆಬ್ಬೆರಳು ತಾನಾಗೇ ಬೀಳುವ ಕಡೆ. ‘ಬೇಡ’ ಅನ್ನುವುದು ಬೂದಿ ಬಣ್ಣದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅದೂ ಸುಮ್ನೆ ‘ಬೇಡ’ ಅಂತ ಇರುವುದಿಲ್ಲ. ‘ಬೇಡ, ನನಗೆ ದುಡ್ಡು ಉಳಿಸುವುದು ಇಷ್ಟವಿಲ್ಲ’ ಅಂತ ಇರುತ್ತದೆ. ಈ ಒಂದು ಸಾಲು ಬರೆಯಲು ಇವರ ಟೀಮಿನ ನಾಲ್ಕು ಜನ ಮೂರು ವಾರ ಕೂತಿದ್ದರಂತೆ. ಆಮೇಲೆ ಅರ್ಧ ಜನಕ್ಕೆ ಹಸಿರು ಗುಂಡಿ, ಅರ್ಧ ಜನಕ್ಕೆ ಕೇಸರಿ ಗುಂಡಿ ತೋರಿಸಿ, ಯಾರು ಜಾಸ್ತಿ ಬೀಳುತ್ತಾರೆ ಅಂತ ಎಣಿಸುತ್ತಾರೆ. ಅದಕ್ಕೆ ಎ-ಬಿ ಟೆಸ್ಟ್ ಅಂತ ಹೆಸರು.

“ಬೆಲ್ಲದ ಪೆಂಟಿ ಮುಂದ ಇಟ್ರ ಜನ ಒಯ್ತಾರ, ಹಿಂದ ಇಟ್ರ ಇರುವಿ ಒಯ್ತಾವ” ಅಂದರು ಸಾವ್ಕಾರರು. “ಇದಕ್ಕ ಪಗಾರ ಕೊಡ್ತಾರೇನೋ ತಮ್ಮಾ?”

ಕೊಡುತ್ತಾರೆ. ಎಷ್ಟು ಅಂತ ಅವನು ಹೇಳಿದಾಗ ಸಾವ್ಕಾರರು ತಕ್ಕಡಿ ಹಿಡಿದುಕೊಂಡು ಒಂದು ಕ್ಷಣ ಸುಮ್ಮನೆ ನಿಂತರು.

ಸರ್ಕಾರ ಕಣ್ಣು ಮುಚ್ಚಿ ಕೂತಿಲ್ಲ, ಅದನ್ನೂ ಹೇಳಬೇಕು. ಇಂಥ ಚಾಲಾಕಿಗಳಿಗೆ ‘ಡಾರ್ಕ್ ಪ್ಯಾಟರ್ನ್’ ಅಂತ ಹೆಸರಿಟ್ಟವನು ಇಂಗ್ಲೆಂಡಿನ ಹ್ಯಾರಿ ಬ್ರಿಗ್ನಲ್, 2010ರಲ್ಲಿ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಅವುಗಳಲ್ಲಿ 13ನ್ನು ಪಟ್ಟಿ ಮಾಡಿ, ಇವು ಕೂಡದು ಅಂತ ಮಾರ್ಗಸೂಚಿ ಹೊರಡಿಸಿತು. ನಾನು ಆ ಪಟ್ಟಿಯನ್ನು ಫೋನಿನಲ್ಲಿ ತೆಗೆದು ಕಟ್ಟಿಯ ಮೇಲೆ ಹಾಜರಿ ಕೂಗಿದ ಹಾಗೆ ಓದಿದೆ.

‘ಎರಡೇ ಉಳಿದಿವೆ, ಬೇಗ ಕೊಳ್ಳಿ’ ಅಂತ ಸುಳ್ಳು ಗಡಿಬಿಡಿ ಎಬ್ಬಿಸುವುದು. “ಸೀರಿ ಅಂಗಡ್ಯಾಗ ದಿನಾ ನಡೀತದ.” ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು. ಸಾವ್ಕಾರರು ಚಿಲ್ಲರೆಗೆ ಬದಲು ಕೊಡುವ ಚಾಕಲೇಟಿನ ಬರಣಿಯನ್ನು ಮೆಲ್ಲಗೆ ಒಳಗೆ ಸರಿಸಿದರು. ಒಂದು ಬೇಕಾದರೆ ಇನ್ನೊಂದು ತಗೊಳ್ಳಲೇಬೇಕು ಅನ್ನುವುದು. “ಸಕ್ರಿ ತುಟ್ಟಿ ಆದಾಗ ಚಹಾಪುಡಿ ಜೋಡಿ ಕೊಡ್ತಿದ್ದೆ. ಖರೆ ಅದ.” ಒಳಗೆ ಸೇರಿದರೆ ಹೊರಗೆ ಬರಲಾಗದ ಚಂದಾ. “ನಮ್ಮ ಹೆಂಗಸರ ಭಿಶಿ ಚೀಟಿ.” ಬೇಡ ಅಂದರೂ ಮತ್ತೆ ಮತ್ತೆ ಪೀಡಿಸುವುದು. ಈ ಸಲ ಅವರು ಉತ್ತರ ಕೊಡಲಿಲ್ಲ, ಎದುರು ಮನೆಯ ವಿಮೆ ಏಜೆಂಟನ ಬಾಗಿಲ ಕಡೆ ಗಲ್ಲ ತೋರಿಸಿದರು. ಒಂದು ಆಸೆ ತೋರಿಸಿ ಇನ್ನೊಂದು ಕೊಡುವುದು. ನಾನು ಅವರ ತಲೆಯ ಮೇಲಿನ ಬೋರ್ಡು ನೋಡಿದೆ. ‘ಇಂದು ನಗದು, ನಾಳೆ ಉದ್ರಿ.’ ಮೂವತ್ತು ವರ್ಷದಲ್ಲಿ ಆ ನಾಳೆ ಒಮ್ಮೆಯೂ ಬಂದಿಲ್ಲ. ನನಗೆ ಮಾತ್ರ ಉದ್ರಿ ಇದೆ, ಅದು ಬೇರೆ ಮಾತು.

ಪಟ್ಟಿ ಬಂದು ಒಂದೂವರೆ ವರ್ಷ ಆದರೂ ಬೂದಿ ಗುಂಡಿ ಬೂದಿಯಾಗೇ ಇತ್ತು. ಆಗ, 2025ರ ಜೂನಿನಲ್ಲಿ, ಪ್ರಾಧಿಕಾರ ಇನ್ನೊಂದು ಸಲಹೆ ಕೊಟ್ಟಿತು. ಆನ್‌ಲೈನ್ ವ್ಯಾಪಾರಿಗಳೆಲ್ಲ ಮೂರು ತಿಂಗಳೊಳಗೆ ತಮ್ಮ ಚಾಲಾಕಿಗಳನ್ನು ತಾವೇ ಹುಡುಕಿ ತೆಗೆಯಬೇಕು. ಸ್ವಯಂ ಲೆಕ್ಕ ತಪಾಸಣೆ. ಹಾಲಿಗೆ ಬೆಕ್ಕನ್ನು ಕಾವಲಿಟ್ಟು, ಮೀಸೆ ಒರೆಸಿಕೊಂಡು ವರದಿ ಕೊಡು ಅಂದ ಹಾಗೆ.

ಸಾವ್ಕಾರರ ತಂದೆಯ ಕಾಲದ ಒಂದು ಸಂಗತಿ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಅವ್ವ ಒಂದು ಕಿಲೋ ತೊಗರಿ ಬೇಳೆ ತಂದಿದ್ದಳು. ಕೈಯಲ್ಲಿ ಹಿಡಿದು ನೋಡಿಯೇ ಅನುಮಾನ ಬಂತು. ಇನ್ನೊಂದು ಅಂಗಡಿಯಲ್ಲಿ ತೂಗಿಸಿದಳು, ಐವತ್ತು ಗ್ರಾಂ ಕಡಿಮೆ. ಸೀದಾ ಬಂದು ಇದೇ ಕಟ್ಟಿಯ ಮೇಲೆ ಅಷ್ಟೂ ಬೇಳೆ ಸುರಿದಳು. ಬಾಯಿಂದ ಒಂದು ಮಾತಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ನಿಂತಳು. ಓಣಿ ಪೂರಾ ಹೊರಗೆ ಬಂತು. ಹಿರಿಯ ಸಾವ್ಕಾರರು ಮುದುಕರು, ಪಾಪ, ಬಗ್ಗಿ ಒಂದೊಂದು ಹಿಡಿ ಎತ್ತಿ ತಕ್ಕಡಿಗೆ ಹಾಕಿದರು. ಮೇಲೆ ಎರಡು ಹಿಡಿ ಜಾಸ್ತಿ ಹಾಕಿದರು. ಆಮೇಲೆ ಆ ಅಂಗಡಿಯಲ್ಲಿ ನಮ್ಮ ಮನೆಗೆ ತೂಕ ಯಾವತ್ತೂ ಕಡಿಮೆ ಬರಲಿಲ್ಲ.

ಈಗ ಅದೇ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ, ಅದೇ ಬೇಳೆ ಆ್ಯಪಿನಲ್ಲೂ ಬರುತ್ತದೆ. ಕಡಿಮೆ ಬಿದ್ದರೆ ಎಲ್ಲಿ ಸುರಿಯೋಣ? ಪ್ಲಾಟ್‌ಫಾರ್ಮ್‌ಗೆ ಶುಲ್ಕ ಇದೆ, ಕಟ್ಟಿ ಇಲ್ಲ.

ಎಣ್ಣೆಯ ಕತೆ ಇನ್ನೂ ಸೊಗಸು. ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲ, ಸುಮಾರು 910 ಗ್ರಾಂ. ಬಿಸಿ ಮಾಡಿದರೆ ಎಣ್ಣೆ ಉಬ್ಬುತ್ತದೆ, ಆಗ ಲೀಟರಿನ ತೂಕ ಇನ್ನೂ ಇಳಿಯುತ್ತದೆ. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಲೀಟರಿಗೆ 919 ಗ್ರಾಂ, 60 ಡಿಗ್ರಿಯಲ್ಲಿ 893. ಕೆಲವು ಕಂಪನಿಗಳು ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ‘60 ಡಿಗ್ರಿಯಲ್ಲಿ’ ಅಂತ ಬರೆದು ಅಷ್ಟು ಗ್ರಾಂ ಉಳಿಸಿಕೊಳ್ಳುತ್ತಿದ್ದವು. ಉಷ್ಣತೆಯ ಮಾತು ತೆಗೆಯಿರಿ, ಅಳತೆಯ ಜೊತೆ ಸರಿಯಾದ ತೂಕ ಬರೆಯಿರಿ ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟಿನಲ್ಲಿ ಹೇಳಬೇಕಾಯಿತು.

ನಾನು ಇದನ್ನು ಓದಿದಾಗ ಸಾವ್ಕಾರರಿಗೆ ಅವಮಾನ ಆದಂತೆ ಕಂಡಿತು. “ಅರವತ್ತು? ನಮ್ಮ ಕಲಬುರಗಿ ಬಿಸಿಲು ಬಿ ಅಷ್ಟು ಇಲ್ರಿ!” ಮೇ ತಿಂಗಳಲ್ಲಿ 44, 45 ಡಿಗ್ರಿ ನೋಡಿದ ಊರು ನಮ್ಮದು. ಬಿಸಿಲಿನ ವಿಷಯದಲ್ಲಿ ಯಾವುದೋ ಪೊಟ್ಟಣ ನಮ್ಮನ್ನು ಹಿಂದೆ ಹಾಕಿದರೆ ಬೇಜಾರಾಗದೆ ಇರುತ್ತದೆಯೇ?

ಬಿಸಿಲಿನ ಮಾತು ಬಂದದ್ದೇ ತಡ, ಹುಡುಗನ ಕಣ್ಣು ಹೊಳೆಯಿತು. ಬೆಂಗಳೂರಿನಲ್ಲಿ ಮಳೆ ಬಂದರೆ ಆ್ಯಪ್‌ಗಳು ಮಳೆ ಶುಲ್ಕ ಹಾಕುತ್ತವೆ. ಇಲ್ಲಿ ಮಳೆಯನ್ನು ನಂಬಿಕೊಂಡರೆ ಕಂಪನಿ ಮುಳುಗುತ್ತದೆ. ಹಾಗಾಗಿ ಬಿಸಿಲು ಶುಲ್ಕ. 40 ಡಿಗ್ರಿ ದಾಟಿದರೆ ಡಿಗ್ರಿಗೆ ಇಷ್ಟು. ನೆರಳಿನಲ್ಲಿ ನಿಂತು ಆರ್ಡರ್ ಮಾಡಿದರೆ ನೆರಳು ಶುಲ್ಕ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರವೇ ಬಿಸಿಲಿಗೆ ಹೆದರಿ ಕಚೇರಿಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಮುಗಿಸುತ್ತದೆ. ಅಂದರೆ ಮಾರ್ಕೆಟ್ ರೆಡಿ ಇದೆ ಅಂದ. ಡೆಲಿವರಿ ಹುಡುಗನಿಗೆ ಅದರಲ್ಲಿ ಎಷ್ಟು ಅಂತ ಕೇಳಿದೆ. “ಅವನಿಗೆ ಟೋಪಿ ಕೊಡೋಣ ಕಾಕಾ” ಅಂದ. ಯಾರಿಗೆ ಟೋಪಿ ಅಂತ ನಾನು ಮತ್ತೆ ಕೇಳಲಿಲ್ಲ.

ಒಂದೊಂದೇ ಹನಿಯಾಗಿ ಶುಲ್ಕ ಇಳಿಸುವುದು ತಮ್ಮ ಪೀಳಿಗೆ ಕಂಡುಹಿಡಿದದ್ದು ಅಂತ ಈ ಹುಡುಗರಿಗೆ ಒಂದು ಹೆಮ್ಮೆ. ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ತೊಗರಿ ಚೀಲ ಹೊತ್ತು ಹೋದ ಯಾವ ರೈತನನ್ನಾದರೂ ಕೇಳಲಿ. ಹಿಂದೆ ಲೆಕ್ಕದ ಪಟ್ಟಿಯಲ್ಲಿ ದಲಾಲಿ, ಹಮಾಲಿ, ತೂಕದ ಕೂಲಿ, ಸೂಟು ಹೆಸರಿನ ಕಡಿತ ಅಂತ ಒಂದೊಂದೇ ಇಳಿದು, ಕೊನೆಗೆ ಬಸ್ ಚಾರ್ಜು ಉಳಿದರೆ ಅದೇ ಲಾಭ. ಇನ್ನು ಕಂಪನಿಗಳೆಲ್ಲ ಕೂತು ಗ್ರಾಹಕನಿಗೆ ಗುಂಡಿ ತೋಡುವುದೂ ಹೊಸದಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ, ಬಲ್ಬು 1000 ಗಂಟೆಗಿಂತ ಜಾಸ್ತಿ ಉರಿಯಬಾರದು ಅಂತ ಒಪ್ಪಂದ ಮಾಡಿಕೊಂಡವು. ಅದಕ್ಕೂ ಮೊದಲು ಅವು 1500, 2000 ಗಂಟೆ ಉರಿಯುತ್ತಿದ್ದವು. ಯಾವ ಕಂಪನಿಯ ಬಲ್ಬು ಜಾಸ್ತಿ ಬಾಳಿತೋ ಆ ಕಂಪನಿಗೆ ದಂಡ! ಬಾಳಿಕೆ ಬರದ ಹಾಗೆ ಮಾಡಲಿಕ್ಕೂ ಇಂಜಿನಿಯರುಗಳು ಬೇಕಾದರು. ಗ್ರೋತ್ ಅನ್ನುವ ಹೆಸರು ಆಗ ಇರಲಿಲ್ಲ, ಅಷ್ಟೇ.

ಭಾನುವಾರ ಹುಡುಗನನ್ನು ಬೀದರಿಗೆ ಕರೆದುಕೊಂಡು ಹೋದೆ. ನೌಬಾದಿನ ಸುರಂಗ ಬಾವಿ ತೋರಿಸಿದೆ. ಕರೇಜ್ ಅನ್ನುತ್ತಾರೆ. ಬಹಮನಿಗಳ ಕಾಲದ್ದು, 15ನೇ ಶತಮಾನ. ಕೆಂಪು ಮುರ ಕಲ್ಲಿನ ಹೊಟ್ಟೆಯೊಳಗೆ ಸುರಂಗ ಕೊರೆದು, ಮೇಲೆ ಅಲ್ಲಲ್ಲಿ ಗಾಳಿ, ಬೆಳಕಿಗೆ ಬಾವಿ ಬಿಟ್ಟು, ಬರೀ ಇಳಿಜಾರಿನ ಲೆಕ್ಕದ ಮೇಲೆ ನೀರು ಹರಿಸಿದ್ದಾರೆ. ಮೋಟಾರಿಲ್ಲ, ಕರೆಂಟಿಲ್ಲ. ಹುಡುಗ ಬಹಳ ಹೊತ್ತು ಬಗ್ಗಿ ನೋಡಿದ. ಖುಷಿಪಟ್ಟ, ಸುಳ್ಳು ಹೇಳಬಾರದು. ಆಮೇಲೆ ಕೇಳಿದ, “ಇದರ ಬಿಸಿನೆಸ್ ಮಾಡೆಲ್ ಏನು ಕಾಕಾ?”

“ನೀರು ಕುಡಿಯೋದು” ಅಂದೆ.

ಅವನು ಬೆಂಗಳೂರಿಗೆ ಬಸ್ ಹತ್ತಿದ ಮರುದಿನ ಸಂಜೆ ಕಟ್ಟಿಗೆ ಹೋದರೆ ಸಾವ್ಕಾರರ ಮುಖ ಇಳಿದಿತ್ತು. ಗಲ್ಲಾದ ಪಕ್ಕ ಒಂದು ಪುಟ್ಟ ಡಬ್ಬಿ ಇದೆ. ದುಡ್ಡು ಬಂದರೆ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಮೂರು ತಿಂಗಳಿಂದ ಅದು ಮೂಕಾಗಿದೆ. ಬಾಡಿಗೆ ಮಾತ್ರ ತಿಂಗಳು ತಪ್ಪದೆ ಅವರ ಖಾತೆಯಿಂದ ಕಟ್ ಆಗುತ್ತಿದೆ. ಡಬ್ಬಿಯ ಮುಂದೆ ಅಂಟಿಸಿದ ಕ್ಯೂಆರ್ ಕೋಡ್ ಇದೆಯಲ್ಲ, ಅದನ್ನು 1994ರಲ್ಲಿ ಜಪಾನಿನ ಮಸಾಹಿರೊ ಹಾರಾ ಅನ್ನುವ ಇಂಜಿನಿಯರ್ ಕಾರಿನ ಬಿಡಿಭಾಗ ಎಣಿಸಲು ಮಾಡಿದ. ಗೋ ಅನ್ನುವ ಆಟದ ಕಪ್ಪು ಬಿಳಿ ಕಾಯಿ ನೋಡಿ ಹೊಳೆದದ್ದಂತೆ. ಅವನ ಕಂಪನಿ ಪೇಟೆಂಟ್ ಇಟ್ಟುಕೊಂಡೂ, ಜಗತ್ತೇ ಬಳಸಲಿ ಅಂತ ಬಿಟ್ಟಿತು. ಕಂಡುಹಿಡಿದವನು ಕೇಳದ ಬಾಡಿಗೆಯನ್ನು ಕೂಗುವವನು ಕೇಳುತ್ತಿದ್ದಾನೆ.

“ಇದನ್ನ ಬಂದ್ ಮಾಡ್ಸಿ ಕೊಡ್ರಿ ಸರ.”

ಫೋನು ತಗೊಂಡೆ. ಬಂದ್ ಮಾಡುವ ಗುಂಡಿ ಹುಡುಕಿದೆ. ಸೆಟ್ಟಿಂಗ್, ಅದರೊಳಗೆ ಸಹಾಯ, ಅದರೊಳಗೆ ಇತರೆ, ಅದರೊಳಗೆ ಮತ್ತೆ ಇತರೆ. ಬೂದಿ ಬಣ್ಣದಲ್ಲಿ ಸಿಕ್ಕಿತು. ಒತ್ತಿದೆ. ‘ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗುತ್ತೀರಾ?’ ಅಂತ ಅಳುವ ಮುಖದ ಬೊಂಬೆ ಬಂತು. ಹೂಂ ಅಂದೆ. ಕಾರಣ ಕೇಳಿತು. ಕೊಟ್ಟೆ. ಅರ್ಧ ಬಾಡಿಗೆಗೆ ಇರ್ತೀರಾ ಅಂದಿತು. ಬೇಡ ಅಂದೆ. ಹಾಗಾದರೆ ಕಸ್ಟಮರ್ ಕೇರಿಗೆ ಫೋನು ಮಾಡಿ ಅಂತ ಒಂದು ನಂಬರು ಕೊಟ್ಟಿತು. ಮಾಡಿದೆ. ‘ನಿಮ್ಮ ಕರೆ ನಮಗೆ ಅಮೂಲ್ಯ’ ಅಂತ ಹೆಣ್ಣು ದನಿ, ಆಮೇಲೆ ಪೀಪಿ ಸಂಗೀತ. ಸ್ಪೀಕರಿಗೆ ಹಾಕಿ ಕಟ್ಟಿಯ ಮೇಲೆ ಇಟ್ಟೆ. ಸಾವ್ಕಾರರು ಚಹಾ ತರಿಸಿದರು. ಚಹಾ ಮುಗಿಯಿತು. ಸಂಗೀತ ಮುಗಿಯಲಿಲ್ಲ. ಮಗ್ಗಿ ಹೇಳಿಸಿಕೊಳ್ಳುತ್ತಿದ್ದ ಎದುರು ಮನೆಯ ಹುಡುಗಿ ಹದಿನಾರರ ಮಗ್ಗಿ ಮುಗಿಸಿ ಒಳಗೆ ಹೋದಳು. ಮತ್ತೊಂದು ಚಹಾ ಬಂತು.

ನಲವತ್ತು ನಿಮಿಷಕ್ಕೆ ಲೈನು ತಾನಾಗೇ ಕಟ್ ಆಯಿತು. ನಾನು ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡೆ. ಸಾವ್ಕಾರರು ಕೆಂಪು ಬಟ್ಟೆಯ ಉದ್ರಿ ಪುಸ್ತಕ ತೆಗೆದು, ನನ್ನ ಹೆಸರಿನ ಹಾಳೆ ಹುಡುಕಿ, ಸಕ್ಕರೆ, ಸೋಡಾ, ಸಬೂನಿನ ಕೆಳಗೆ ಏನೋ ಬರೆದರು. ಬಗ್ಗಿ ನೋಡಿದೆ.

‘ಕಟ್ಟಿ, 40 ಮಿನಿಟು.’

ರೇಟಿನ ಜಾಗ ಖಾಲಿ ಬಿಟ್ಟಿದ್ದರು. “ನಿಮ್ಮ ತಮ್ಮನ ಮಗನಿಗೆ ಕೇಳಿ ಬರ್ಕೋತೀನ್ರಿ” ಅಂದರು.